ಬೈಂಡರನ ತರಕಾರಿ ಟಾರ್ಟ್

ಫೆಬ್ರವರಿ 3, ಸೋಮವಾರ

ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಸಂಜೆ ನಾನು ನಮ್ಮ ಮನೆಯ ಓವನ್ನಿನ ಬಾಗಿಲು ತೆರೆದಿದ್ದೇನೆ. ಸಮಾರಂಭ ಸರಳವಾಗಿತ್ತು. ಭಾಷಣಗಳಿರಲಿಲ್ಲ. ಬಾಗಿಲು ಮಾತ್ರ ಕಿರ್ರೆಂದು ತನ್ನ ಅಭಿಪ್ರಾಯ ಹೇಳಿತು.

ಮದುವೆಗೆ ಉಡುಗೊರೆಯಾಗಿ ಬಂದ ಈ ಓವನ್ನಿಗೆ ನಾವು ಗಂಡಹೆಂಡತಿ ಸೇರಿ ಎಂದೋ ಬೀರುವಿನ ಹುದ್ದೆ ಕೊಟ್ಟುಬಿಟ್ಟಿದ್ದೆವು. ಒಳಗೆ ನನ್ನ ಬೈಂಡಿಂಗ್ ಬಟ್ಟೆಯ ಸುರುಳಿಗಳು, ತಲೆಯ ಮೇಲೆ ಇವಳ ಇಸ್ತ್ರಿಪೆಟ್ಟಿಗೆ. ಇಂದು ಸುರುಳಿಗಳನ್ನು ಮಂಚದ ಕೆಳಗೆ ವರ್ಗಾಯಿಸಿ, ಒಳಗಿನ ಧೂಳು ಒರೆಸಿ, ಸ್ವಿಚ್ಚು ಹಾಕಿ ನೋಡಿದೆ. ಕೆಂಪು ದೀಪ ಹೊತ್ತಿಕೊಂಡಿತು. ನನಗೆ ಕಣ್ಣು ತುಂಬಿ ಬಂತು. ಧೂಳಿನಿಂದ.

ಕಾರಣ ಬರೆದಿಡುತ್ತೇನೆ, ನಾಳೆ ನನಗೇ ಮರೆತುಹೋದರೆ ಕಷ್ಟ. ಹೋದ ವರ್ಷದ ಕೊನೆಗೆ ಬಂದ ಜ್ವರ ಹೋಗುವಾಗ ಇವಳ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗು ಇದ್ದಲ್ಲೇ ಇದೆ, ಕನ್ನಡಕವನ್ನೂ ಹೊರುತ್ತಿದೆ; ವಾಸನೆ ಮಾತ್ರ ಹಿಡಿಯುವುದಿಲ್ಲ. ವಾಸನೆಯ ಹಿಂದೆಯೇ ರುಚಿಯೂ ಗಂಟುಮೂಟೆ ಕಟ್ಟಿತು. "ಏನು ತಿಂದ್ರೂ ಒದ್ದೆ ರಟ್ಟು ತಿಂದ ಹಾಗಿದೆ ರೀ," ಅನ್ನುತ್ತಾಳೆ. ನಾನೋ ರಟ್ಟನ್ನು ನಂಬಿ ಸಂಸಾರ ಮಾಡಿದವನು, ಪುಸ್ತಕಗಳಿಗೆ ಬೈಂಡು ಹಾಕುವವನು. ಇದನ್ನು ವೈಯಕ್ತಿಕ ಟೀಕೆಯೆಂದೇ ತೆಗೆದುಕೊಳ್ಳಬಹುದಿತ್ತು.

"ಒದ್ದೆ ರಟ್ಟಿನ ರುಚಿ ನಿಂಗೆ ಹೇಗೆ ಗೊತ್ತು?" ಅಂದಿದ್ದೆ.

"ನಿಮ್ಮನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತಲ್ಲ," ಅಂದಿದ್ದಳು.

ಅದು ಅವಳು ಆಡಿದ ಕೊನೆಯ ತಮಾಷೆ. ಆಮೇಲೆ ತಮಾಷೆಯೂ ನಿಂತಿತು, ಊಟವೂ ನಿಲ್ಲುತ್ತಾ ಬಂತು. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಬರುವ ದನಿ ಇವಳದೇ. ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ದಿನವಿಡೀ ಊರಿಗೆಲ್ಲ ಹೇಳಿ, ಮನೆಗೆ ಬಂದು ಅದೇ ದನಿಯಲ್ಲಿ ನನ್ನನ್ನು ಊಟಕ್ಕೆ ಕೂಗುತ್ತಿದ್ದಳು. ಈಗ ನಾನು ಬ್ರೆಡ್ಡು ಸುಟ್ಟುಕೊಳ್ಳುತ್ತೇನೆ. ಅವಳು "ನೀವು ತಿನ್ನಿ, ನಂಗೆ ಹಸಿವಿಲ್ಲ" ಅಂದು ಕೋಣೆಗೆ ಹೋಗುತ್ತಾಳೆ.

ಓವನ್ನಿನ ಸಲಹೆ ನಾದಿನಿಯದು. ಫೋನಿನಲ್ಲಿ ಅಪ್ಪಣೆಯಾಯಿತು.

"ಭಾವ, ತರಕಾರಿ ಟಾರ್ಟ್ ಮಾಡಿ. ಅಕ್ಕ ಮೊದಲು ಅದಕ್ಕೆ ಪ್ರಾಣ ಬಿಡ್ತಿದ್ಲು. ಪಫ್ ಪೇಸ್ಟ್ರಿ ಹಾಳೆ, ಅದೇ ಬೇಕರಿ ಪಫ್ಸ್ ಮಾಡೋ ಬೆಣ್ಣೆ ಹಿಟ್ಟಿನ ಹಾಳೆ, ಅಂಗಡೀಲೇ ಸಿಗುತ್ತೆ. ಬಿಚ್ಚೋದು, ತರಕಾರಿ ಹರಡೋದು, ಓವನ್ ಒಳಗೆ ತಳ್ಳೋದು. ಮಕ್ಕಳೂ ಮಾಡ್ತಾರೆ."

"ಹಾಗಾದ್ರೆ ಒಂದು ಮಗೂನ ಕಳಿಸಿಕೊಡು."

"ಭಾವ!"

"ಆಯ್ತಮ್ಮ, ಆಯ್ತು."

ಒಪ್ಪಿದ್ದಕ್ಕೆ ನಿಜವಾದ ಕಾರಣ ಬೇರೆ. ಅವಳು ಹಾಳೆ ಅಂದಳು. ಹಾಳೆ ಅಂದಮೇಲೆ ಅದು ನನ್ನ ಇಲಾಖೆ.

ಫೆಬ್ರವರಿ 4, ಮಂಗಳವಾರ

ಮೂಗಿನ ಡಾಕ್ಟರ ಬಳಿ ಹೋಗಿ ಬಂದೆವು. "ವಾಸನೆ ತಿರುಗಿ ಬರಬಹುದು, ಬರದೇನೂ ಇರಬಹುದು, ಯಾವಾಗ ಅಂತ ಹೇಳೋಕಾಗಲ್ಲ" ಅಂದರು. ಇಷ್ಟನ್ನು ನಾನೂ ಹೇಳಬಲ್ಲೆ, ಬಿಳಿ ಕೋಟು ಒಂದಿಲ್ಲ ಅಷ್ಟೆ.

ಆಮೇಲೆ ಇವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳನ್ನು ನೋಡಿದರು. ಹಿಂದಿನ ಚೀಟಿ ನೋಡಿದರು. ಮತ್ತೆ ಮುಳ್ಳನ್ನು ನೋಡಿದರು.

"ನೋಡೀಮ್ಮಾ, ಈ ತಿಂಗಳ ಕೊನೆಗೆ ಮತ್ತೆ ಬನ್ನಿ. ತೂಕ ಹೀಗೇ ಇಳೀತಿದ್ರೆ ಅಡ್ಮಿಟ್ ಮಾಡ್ಕೊಂಡು ಮೂಗಿನಲ್ಲಿ ನಳಿಗೆ ಹಾಕಿ ಆಹಾರ ಕೊಡ್ಬೇಕಾಗುತ್ತೆ."

"ಮೂಗಿನಲ್ಲಾ?" ಅಂದಳು ಇವಳು. ಅಷ್ಟೇ.

ನನಗೆ ಒಂದು ಒಳ್ಳೆಯ ತಮಾಷೆ ಹೊಳೆದಿತ್ತು. ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು.

ಮನೆಗೆ ಬಂದವಳು ಕೈಗಡಿಯಾರ ಬಿಚ್ಚಿ ನನ್ನ ಮುಂದಿಟ್ಟಳು. "ಪಟ್ಟಿಗೆ ಇನ್ನೊಂದು ತೂತು ಹಾಕ್ಕೊಡಿ. ಜಾರುತ್ತೆ." ಚರ್ಮಕ್ಕೆ ತೂತು ಹಾಕುವುದು ನನಗೆ ಎಡಗೈ ಕೆಲಸ. ದಬ್ಬಳ ತಗೊಂಡು ಹಾಕಿದೆ. ಎರಡು ಸಲ ಕೈ ತಪ್ಪಿತು.

ಫೆಬ್ರವರಿ 9, ಭಾನುವಾರ

ಮೊದಲ ಟಾರ್ಟು. ವರದಿ ಈ ಕೆಳಕಂಡಂತಿದೆ.

ಹಾಳೆ ಕಲ್ಲಿನ ಹಾಗೆ ಹೆಪ್ಪುಗಟ್ಟಿ, ಮೂರು ಮಡಿಕೆಯಲ್ಲಿ ಬಂದಿತ್ತು. ಅದನ್ನು ಫ್ರಿಜ್ಜಿನ ಕೆಳತಟ್ಟೆಯಲ್ಲಿಟ್ಟು ಮೆತ್ತಗಾಗಲು ಬಿಡಬೇಕು ಎಂದು ಪೊಟ್ಟಣದ ಮೇಲೆ ಬರೆದಿತ್ತಂತೆ. ಪೊಟ್ಟಣದ ಮೇಲಿನದನ್ನು ಓದುವುದು ಹೊಸಬರ ಲಕ್ಷಣ. ನಾನು ಬಿಚ್ಚಿದೆ, ಮಡಿಕೆಯುದ್ದಕ್ಕೂ ಲಟ್ ಎಂದು ಸೀಳಿತು. ಗಾಬರಿಯಾಗಲಿಲ್ಲ. ಸೀಳಿದ ಹಾಳೆ ನನ್ನ ಕೈಗೆ ಬಂದದ್ದು ಇದೇ ಮೊದಲಲ್ಲ. ಮೈದಾ ಕಲಸಿ, ತೆಳ್ಳಗೆ ಅಂಟು ಮಾಡಿ, ಸೀಳಿಗೆ ಹಚ್ಚಿ, ಬೆರಳಿನಿಂದ ತೀಡಿದೆ. ಹಳೇ ಗ್ರಂಥಕ್ಕೆ ಮರುಜೀವ ಕೊಟ್ಟ ಹಾಗಿತ್ತು.

ಮೇಲೆ ಟೊಮೇಟೊ, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಚೀಸು. ಟೊಮೇಟೊ ಹೋಳಿಗೆ ಮೊದಲೇ ಉಪ್ಪು ಹಾಕಿ ನೀರು ಬಸಿಯಬೇಕೆಂದು ಆಮೇಲೆ ತಿಳಿಯಿತು. ಓವನ್ನಿನೊಳಗೆ ಹಾಳೆ ಒಂದು ಮೂಲೆಯಲ್ಲಿ ಮಾತ್ರ ಉಬ್ಬಿತು, ಇನ್ನೊಂದು ಮೂಲೆಗೆ ತರಕಾರಿಯೆಲ್ಲ ಜಾರಿತು, ನಡುವೆ ಟೊಮೇಟೊ ರಸದ ಕೆರೆ ನಿಂತಿತು. ನನ್ನ ಮೈದಾ ಅಂಟು ಮಾತ್ರ ಸೊಗಸಾಗಿ ಹಿಡಿದುಕೊಂಡಿತ್ತು.

ಇವಳು ಮೇಜಿಗೆ ಬಂದು ಕುಳಿತಳು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಾನು ಎದುರಿಗೆ ಕುಳಿತು ಪರೀಕ್ಷೆಯ ಫಲಿತಾಂಶ ಕಾಯುವವನ ಹಾಗೆ ಅವಳ ಬಾಯನ್ನೇ ನೋಡಿದೆ.

"ಹೇಗಿದೆ?"

ಅವಳು ಅಗಿದಳು.

"ಚೂರು ಉಪ್ಪು ಜಾಸ್ತಿ ಆಯ್ತಾ? ಕಮ್ಮಿ ಆಯ್ತಾ? ಇನ್ನೊಂದು ಚೂರು ತಗೊ. ಈ ಕಡೆದು ತಗೊ, ಇಲ್ಲಿ ಚೀಸ್ ಜಾಸ್ತಿ ಇದೆ. ನುಂಗೇ. ನುಂಗ್ಬಿಡು ಒಂದ್ಸಲ."

"ರೀ, ನೀವು ಹಾಗೆ ನನ್ನ ಬಾಯಿ ನೋಡ್ತಾ ಕೂತ್ರೆ ನನ್ನ ಗಂಟಲು ಮುಚ್ಚಿಕೊಳ್ಳುತ್ತೆ."

"ನಾನೆಲ್ಲಿ ನೋಡ್ತಿದೀನಿ?"

"ಇಡೀ ಊರಿನ ಕಣ್ಣು ನಿಮ್ಮ ಮುಖದಲ್ಲೇ ಇದೆ," ಅಂದು ತಟ್ಟೆ ಸರಿಸಿ ಎದ್ದಳು. ಉಳಿದದ್ದನ್ನು ನಾನೇ ತಿಂದೆ. ಅಂಟು ಚೆನ್ನಾಗಿತ್ತು.

ಫೆಬ್ರವರಿ 10, ಸೋಮವಾರ

ಅವಳು: ಅರ್ಧ ಲೋಟ ಹಾಲು. ನಾನು: ನಿನ್ನೆಯ ಟಾರ್ಟು. ಇಬ್ಬರೂ ಕರ್ತವ್ಯ ಎಂದು.

ಫೆಬ್ರವರಿ 12, ಬುಧವಾರ

ಇಂದು ನಾನು ಕುಯುಕ್ತಿಗೆ ಇಳಿದೆ. ಔಷಧದಂಗಡಿಯವನು ಒಂದು ಡಬ್ಬಿ ಪುಡಿ ಕೊಟ್ಟಿದ್ದ. "ಸೂಪಿಗೆ ಕಲಸಿ ಕೊಡಿ ಸಾರ್, ಗೊತ್ತೇ ಆಗಲ್ಲ. ಎಲ್ಲಾ ಶಕ್ತಿ ಇದರಲ್ಲೇ ಇದೆ." ರುಚಿಯೇ ತಿಳಿಯದವಳಿಗೆ ಪುಡಿ ಹೇಗೆ ತಿಳಿದೀತು? ತರಕಾರಿ ಸೂಪು ಮಾಡಿ, ಮೂರು ಚಮಚ ಸುರಿದು, ಮುಖದ ಮೇಲೆ ಮುಗ್ಧತೆ ಬಳಿದುಕೊಂಡು ಮುಂದಿಟ್ಟೆ.

ಒಂದು ಚಮಚ ಬಾಯಿಗಿಟ್ಟಳು. ಚಮಚ ಕೆಳಗಿಟ್ಟಳು.

"ಇದಕ್ಕೇನು ಹಾಕಿದ್ರಿ?"

"ಕ್ಯಾರೆಟ್ಟು."

"ಮರಳು ಮರಳಾಗಿದೆ."

"ಕ್ಯಾರೆಟ್ಟು ಬಲಿತಿತ್ತು."

"ಮೂಗು ಹೋಗಿದೆ ಅಂತ ನಾಲಿಗೆ ಮೇಲಿನ ಚರ್ಮಾನೂ ಹೋಗಿದೆ ಅಂದ್ಕೊಂಡ್ರಾ?" ಎದ್ದು ನೇರ ಅಡುಗೆಮನೆಗೆ ಹೋದಳು. ಡಬ್ಬಿಯನ್ನು ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಬಚ್ಚಿಡುವುದರಲ್ಲಿ ನನ್ನ ಪ್ರತಿಭೆ ಅವಳಿಗೆ ಮೊದಲಿನಿಂದ ಗೊತ್ತು, ಒಂದೇ ಸಲಕ್ಕೆ ಕೈ ಹಾಕಿದಳು.

"ಊರಲ್ಲಿ ಎಲ್ಲರೂ ನಂಗೆ ಕಾಯಿಲೆಯವಳು ಅಂತ ಮೋಸ ಮಾಡಿ ತಿನ್ನಿಸಬಹುದು. ನೀವು ಮಾಡ್ಬಾರ್ದಿತ್ತು."

ಕೂಗಾಡಿದ್ದರೆ ಚೆನ್ನಾಗಿತ್ತು. ಇಡೀ ನಿಲ್ದಾಣಕ್ಕೆ ಕೇಳುವ ದನಿ ಅವಳದು. ಇದನ್ನು ಮೆಲ್ಲಗೆ ಹೇಳಿದಳು.

ಫೆಬ್ರವರಿ 13, ಗುರುವಾರ

ಮಾತಿಲ್ಲ.

ಫೆಬ್ರವರಿ 17, ಸೋಮವಾರ

ಮಧ್ಯಾಹ್ನ ಅಂಗಡಿಗೆ ಫೋನು ಬಂತು. ನಿಲ್ದಾಣದ ಮೇಲ್ವಿಚಾರಕರು. "ನಿಮ್ಮ ಮನೆಯವರು ಅನೌನ್ಸ್ ಮಾಡ್ತಾ ಮಾಡ್ತಾ ನಿಲ್ಲಿಸಿಬಿಟ್ರು. ಬಂದು ಕರ್ಕೊಂಡು ಹೋಗಿ."

ಹೋದೆ. ಅವಳು ಕೂರುವ ಕೋಣೆ ನಿಲ್ದಾಣದ ನಡುವೆ ಗಾಜಿನ ಪೆಟ್ಟಿಗೆಯ ಹಾಗಿದೆ. ಒಂದು ಮೈಕು, ಒಂದು ಫ್ಯಾನು, ಬಸ್ಸುಗಳ ಹೊತ್ತು ಬರೆದ ಹಲಗೆ, ಹಿಂಗಾಲು ಕುಂಟುವ ಒಂದು ಕುರ್ಚಿ. ಕುರ್ಚಿಯ ಬೆನ್ನಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಹೊರಗೆ ಒಂದು ಬಸ್ಸಿನ ಸುತ್ತ ಜನ ಜಗಳಕ್ಕೆ ನಿಂತಿದ್ದರು. ಎಲ್ಲಿಗೆ ಹೊರಡುತ್ತಿದೆ ಎನ್ನುವವರೆಗೆ ಹೇಳಿ, ಯಾವ ಊರಿನ ಮೇಲೆ ಹೋಗುತ್ತದೆ ಎನ್ನುವುದಕ್ಕೆ ಮೊದಲೇ ದನಿ ನಿಂತುಹೋಗಿತ್ತಂತೆ. ಅರ್ಧ ಜನ ಹತ್ತಿದ್ದರು, ಅರ್ಧ ಜನ ಇಳಿಯುತ್ತಿದ್ದರು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕಾ, ನಾನ್ ಯಾವ ಕಡೆ ಹೋಗ್ಲಿ ಅಂತ ನೀವೇ ಹೇಳ್ಬೇಕು" ಎಂದು ಗಾಜಿನ ಪೆಟ್ಟಿಗೆಯ ಕಡೆ ಕೂಗುತ್ತಿದ್ದ. ಬೇರೆ ದಿನವಾಗಿದ್ದರೆ ಇದನ್ನು ವಾರಗಟ್ಟಲೆ ಹೇಳಿಕೊಂಡು ನಗುತ್ತಿದ್ದೆವು.

ಆಟೋದಲ್ಲಿ ಕರೆತಂದೆ. ಮೆಟ್ಟಿಲಲ್ಲಿ ನನ್ನ ತೋಳು ಹಿಡಿದಳು. ತೋಳಿಗೆ ಭಾರವೇ ಬೀಳಲಿಲ್ಲ.

ಮಲಗಿಸಿ, ಪಕ್ಕದಲ್ಲಿ ಕುಳಿತು, ನಮ್ಮ ಅಂಗಡಿಯ ಕಥೆಯೊಂದನ್ನು ಹೇಳಿದೆ. ವಕೀಲರ ಪುಸ್ತಕವನ್ನು ತಲೆಕೆಳಗಾಗಿ ಬೈಂಡು ಮಾಡಿದ ಕಥೆ, ಅವಳು ಯಾವಾಗಲೂ ನಗುವ ಕಥೆ. ಅರ್ಧದಲ್ಲಿ ಅಂದಳು:

"ಸಾಕು ರೀ. ನಂಗೆ ನಗೋಕೂ ಶಕ್ತಿ ಬೇಕಲ್ಲ."

ನನ್ನ ಹತ್ತಿರ ಇದ್ದದ್ದು ಅದೊಂದೇ ಸರಕು. ಅಂಗಡಿ ಖಾಲಿ.

ಫೆಬ್ರವರಿ 19, ಬುಧವಾರ

ನಾದಿನಿ ಬಂದಳು. ಅಕ್ಕನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಮೂಗು ಕೆಂಪಾಗಿತ್ತು. ಸಿಟ್ಟನ್ನೆಲ್ಲ ನನ್ನ ಮೇಲೆ ಸುರಿದಳು, ಎದುರಿಗೆ ಸಿಕ್ಕವನು ನಾನೇ ತಾನೆ.

"ಒಂದು ಟಾರ್ಟ್ ಮಾಡೋಕೆ ಬರಲ್ವಾ ಭಾವ ನಿಮಗೆ?"

"ಬರುತ್ತೆ. ತಿನ್ನೋ ಹಾಗೆ ಮಾಡೋಕೆ ಬರಲ್ಲ."

"ಎಲ್ಲದಕ್ಕೂ ತಮಾಷೆ."

ತಮಾಷೆಗೆ ಹೇಳಿದ್ದಲ್ಲ. ಅವಳು ಇನ್ನೆರಡು ಪೊಟ್ಟಣ ಹಾಳೆಯನ್ನು ಫ್ರಿಜ್ಜಿನೊಳಗೆ ತುರುಕಿ, ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಹಾಕಿ ಹೋದಳು.

ಗಡಿಯಾರದ ಪಟ್ಟಿಗೆ ಮತ್ತೊಂದು ತೂತು. ಇನ್ನು ತೂತು ಹಾಕಲು ಪಟ್ಟಿಯಲ್ಲಿ ಜಾಗ ಕಮ್ಮಿ.

ಫೆಬ್ರವರಿ 22, ಶನಿವಾರ

ಎರಡನೆಯ ಟಾರ್ಟು. ಈ ಸಲ ವಿಜ್ಞಾನದ ಹಾದಿ ಹಿಡಿದೆ. ಹಾಳೆಯನ್ನು ಹೇಳಿದಂತೆಯೇ ಮೆತ್ತಗಾಗಿಸಿದೆ. ಟೊಮೇಟೊಗೆ ಉಪ್ಪು ಹಾಕಿ, ನೀರು ಬಸಿದು, ಬಟ್ಟೆಯ ಮೇಲೆ ಒಣಗಿಸಿದೆ. ಈರುಳ್ಳಿ ಬಾಡಿಸಿಕೊಂಡೆ. ಆಮೇಲೆ ಹಿಂದಿನ ಸೋಲಿನ ಮೂಲಕ್ಕೇ ಕೈ ಹಾಕಿದೆ.

ಮೂಲ ಯಾವುದು? ಉಬ್ಬು. ನಮ್ಮ ಕಸುಬಿನಲ್ಲಿ ಉಬ್ಬಿಗಿಂತ ದೊಡ್ಡ ಅವಮಾನವಿಲ್ಲ. ರಟ್ಟಿಗೂ ಹಾಳೆಗೂ ನಡುವೆ ಒಂದು ಗುಳ್ಳೆ ಗಾಳಿ ಉಳಿದರೂ ಗಿರಾಕಿ ಬೆರಳು ಸವರಿ, ಹುಬ್ಬು ಏರಿಸಿ, ಪುಸ್ತಕ ವಾಪಸು ತಳ್ಳುತ್ತಾನೆ. ಅದಕ್ಕೇ ತಿರುಪು ಬಿಗಿದು ಪುಸ್ತಕ ಒತ್ತುವ ಪ್ರೆಸ್ಸು ಇರುವುದು. ಅಂಗಡಿಯಲ್ಲಿರುವ ದೊಡ್ಡ ಕಬ್ಬಿಣದ ಪ್ರೆಸ್ಸನ್ನು ನಾವು ಆನೆ ಅನ್ನುತ್ತೇವೆ, ಮನೆಯಲ್ಲಿರುವ ಸಣ್ಣದು ಮರಿಯಾನೆ. ಅದು ಒಮ್ಮೆ ಕುಳಿತಿತೆಂದರೆ ಗಾಳಿ ಉಸಿರೆತ್ತುವುದಿಲ್ಲ.

ಪಫ್ ಹಾಳೆ ಮರಿಯಾನೆಯ ಹಲಗೆಗಿಂತ ಅಗಲವಿತ್ತು. ಉಕ್ಕಿನ ಅಳತೆಪಟ್ಟಿ ಇಟ್ಟು, ಚಾಕುವಿನಲ್ಲಿ ಸುತ್ತಲೂ ಅಂಚು ಕತ್ತರಿಸಿ ಹಲಗೆಯ ಅಳತೆಗೆ ತಂದೆ. ಬೈಂಡರನ ಮನೆಯಲ್ಲಿ ಚೂರು ಎಸೆಯುವುದುಂಟೇ? ಕತ್ತರಿಸಿದ ಪಟ್ಟಿಗಳನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡೆ. ಹಾಳೆಯನ್ನು ಎಣ್ಣೆಕಾಗದದ ನಡುವೆ ಮಲಗಿಸಿ, ಹಲಗೆ ಮುಚ್ಚಿ, ತಿರುಪು ಬಿಗಿದೆ. ಇನ್ನೂ ಬಿಗಿದೆ. ನಾಲ್ಕೂ ಕಡೆಯಿಂದ ಬೆಣ್ಣೆ ಸಣ್ಣಗೆ ಜಿನುಗಿತು. ಅಂಟು ಹೆಚ್ಚಾದಾಗಲೂ ಹೀಗೇ ಜಿನುಗುತ್ತದೆ. ಒದ್ದೆ ಬಟ್ಟೆಯಲ್ಲಿ ನೀಟಾಗಿ ಒರೆಸಿ ತೆಗೆದೆ. ಹೊರಬಂದ ಹಾಳೆ ಎಷ್ಟು ಮಟ್ಟಸವಾಗಿತ್ತೆಂದರೆ, ಅದರ ಮೇಲೆ ಚಿನ್ನದ ಅಕ್ಷರ ಒತ್ತಬಹುದಿತ್ತು.

ತರಕಾರಿಯನ್ನು ಸಾಲುಸಾಲಾಗಿ ಜೋಡಿಸಿ ಓವನ್ನಿಗೆ ತಳ್ಳಿದೆ. ಅಂಚಿನ ಪಟ್ಟಿಗಳನ್ನೂ ಅದೇ ತಟ್ಟೆಯ ಮೂಲೆಯಲ್ಲಿ ಹಾಕಿದೆ, ಅವೂ ಬಡಪಾಯಿಗಳು ಬೇಯಲಿ ಎಂದು.

ತೆಗೆದಾಗ ಟಾರ್ಟು ಒಂದು ಕೂದಲಿನಷ್ಟೂ ಉಬ್ಬಿರಲಿಲ್ಲ. ತರಕಾರಿ ಒಂದೂ ಜಾರಿರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಇವಳು ಒಂದು ತುಂಡು ಕಚ್ಚಿದಳು. ಎಳೆದಳು. ಅದು ಬಗ್ಗಿತೇ ಹೊರತು ಮುರಿಯಲಿಲ್ಲ. ಬಹಳ ಹೊತ್ತು ಅಗಿದಳು.

"ಇದು ನಿಜವಾಗ್ಲೂ ರಟ್ಟೇ ರೀ. ಈ ಸಲ ತಪ್ಪು ನನ್ನ ನಾಲಿಗೇದಲ್ಲ."

ನಾನೂ ತಿಂದು ನೋಡಿದೆ. ಅವಳ ಮಾತು ನಿಜ. ತಟ್ಟೆಯನ್ನು ಅಲ್ಲೇ ಬಿಟ್ಟು ನಡುಮನೆಗೆ ಬಂದು ಕುಳಿತೆ. ಮುಂದಿನ ವಾರ ಡಾಕ್ಟರು, ತೂಕದ ಮುಳ್ಳು, ನಳಿಗೆ. ಇನ್ನು ಮಾಡುವುದಕ್ಕೆ ನನಗೆ ಏನೂ ತೋಚಲಿಲ್ಲ. ದಿನಪತ್ರಿಕೆ ಹಿಡಿದುಕೊಂಡೆ. ತಲೆಕೆಳಗಾಗಿ ಹಿಡಿದಿದ್ದೇನೆಂದು ಆಮೇಲೆ ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಸದ್ದು. ಕರಂ. ತಡೆದು, ಮತ್ತೆ ಕರಂ ಕುರುಂ.

ಇಲಿ! ಇದೊಂದು ಬಾಕಿ ಇತ್ತು. ಕೈಗೆ ಸಿಕ್ಕ ಪೊರಕೆ ಹಿಡಿದು ತುದಿಗಾಲಲ್ಲಿ ಹೋದೆ. ಬಾಗಿಲ ಸಂದಿಯಿಂದ ನೋಡಿದರೆ ಇವಳು. ನನಗೆ ಬೆನ್ನು ಮಾಡಿ ಒಲೆಕಟ್ಟೆಯ ಹತ್ತಿರ ನಿಂತಿದ್ದಳು. ಅಂಚಿನ ಪಟ್ಟಿಗಳು ಒಂದೊಂದೂ ಬೆರಳಗಲ ಎತ್ತರಕ್ಕೆ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಪದರ ಪದರವಾಗಿ ಬಾಯಿ ತೆರೆದುಕೊಂಡಿದ್ದವು. ಅವಳು ಒಂದನ್ನು ಕಚ್ಚುತ್ತಿದ್ದಳು. ಕಚ್ಚಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಸುಮ್ಮನೆ ನಿಲ್ಲುತ್ತಿದ್ದಳು. ಮತ್ತೆ ಕಚ್ಚುತ್ತಿದ್ದಳು.

ಪೊರಕೆ ಮೆಲ್ಲಗೆ ಕೆಳಗಿಟ್ಟು ವಾಪಸು ಬಂದೆ. ಕುರ್ಚಿ ಕಿರುಗುಟ್ಟದ ಹಾಗೆ ಕುಳಿತೆ. ಕಾಗದ ಸದ್ದು ಮಾಡದ ಹಾಗೆ ಪುಟ ತಿರುಗಿಸುವುದು ಎಷ್ಟು ಕಷ್ಟ ಎಂದು ಇಷ್ಟು ವರ್ಷ ಕಾಗದದ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ.

ಫೆಬ್ರವರಿ 23, ಭಾನುವಾರ

ಬೆಳಿಗ್ಗೆ ಅವಳೇ ಬಾಯಿ ಬಿಟ್ಟಳು.

"ನಿನ್ನೆ ಆ ಪಟ್ಟಿಗಳಿಗೆ ಏನು ಮಾಡಿದ್ರಿ?"

"ಯಾವ ಪಟ್ಟಿ?" ಅಂದೆ. ಏನೂ ನೋಡಿಲ್ಲದವನ ಹಾಗೆ.

"ಪೊರಕೆ ಬಾಗಿಲ ಹತ್ತಿರ ಇತ್ತು ರೀ. ನಾಟಕ ಸಾಕು."

"ಏನೂ ಮಾಡ್ಲಿಲ್ಲ. ಸುಮ್ನೆ ಹಾಕಿದ್ದೆ ಅಷ್ಟೆ. ರುಚಿ ಗೊತ್ತಾಯ್ತಾ?" ನಾನು ಅರ್ಧ ಎದ್ದೇ ನಿಂತಿದ್ದೆ.

"ಇಲ್ಲ."

ಕುಳಿತೆ.

"ರುಚಿ ಇಲ್ಲ, ವಾಸನೆ ಇಲ್ಲ. ಸದ್ದು ಬಂತು." ಅವಳು ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ತಿರುಗಿಸಿದಳು. "ಇಷ್ಟು ದಿನ ಏನು ಬಾಯಿಗಿಟ್ರೂ ಯಾರೂ ಇಲ್ಲದ ಮನೆ ಬಾಗಿಲು ತಟ್ಟಿದ ಹಾಗಾಗ್ತಿತ್ತು. ನಿನ್ನೆ ಒಳಗಿಂದ ಯಾರೋ ಓ ಅಂದ ಹಾಗಾಯ್ತು. ತಪ್ಪು ತಿಳ್ಕೋಬೇಡಿ, ನಂಗೇನೂ ವಾಸಿಯಾಗಿಲ್ಲ."

"ಇಲ್ಲ, ತಿಳ್ಕೊಳ್ಳಲ್ಲ."

"ಪಟ್ಟಿ ಅಷ್ಟು ಚೆನ್ನಾಗಿ ಅರಳಿದೆ, ಟಾರ್ಟ್ ಯಾಕೆ ಹಾಗಾಯ್ತು? ಎರಡೂ ಒಂದೇ ಹಾಳೆ ತಾನೆ?"

ಹೇಳಲೋ ಬೇಡವೋ ಎಂದು ನೋಡಿದೆ. ಹೇಳಿದೆ.

"ಮರಿಯಾನೆ ಕೆಳಗೆ ಹಾಕಿದ್ದೆ."

"ಏನನ್ನ?"

"ಟಾರ್ಟಿನ ಹಾಳೇನ. ಗಾಳಿ ಇರ್ಬಾರ್ದು ಅಂತ."

"ಬೆಣ್ಣೆ ಹೊರಗೆ ಬರ್ಲಿಲ್ವಾ?"

"ಬಂತು. ಒರೆಸಿದೆ."

ಅವಳು ನನ್ನನ್ನೇ ನೋಡಿದಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಭುಜ ಅಲುಗಾಡತೊಡಗಿತು. ಅಯ್ಯೋ, ಅಳಿಸಿಬಿಟ್ಟೆನಲ್ಲ ಎಂದು ನೀರು ತರಲು ಎದ್ದೆ.

"ಗಾಳಿ ತೆಗೆಯೋಕೆ..." ಸೆರಗಿನೊಳಗಿಂದ ಮಾತು ಬಂತು, "ಪಫ್ ಪೇಸ್ಟ್ರೀನ... ಪ್ರೆಸ್ಸಿಗೆ ಹಾಕಿದ ಮಹಾನುಭಾವ... ಅಯ್ಯೋ, ಹೊಟ್ಟೆ ಹಿಡ್ಕೊಳ್ತು ರೀ... ಅದರೊಳಗೆ ಇರೋದೇ ಗಾಳಿ!"

ನಾನು ತಮಾಷೆ ಮಾಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ ಅಷ್ಟೆ. ಜನ ಯಾವುದಕ್ಕೆ ನಗುತ್ತಾರೆಂದು ಹೇಳುವುದು ಕಷ್ಟ.

ಫೆಬ್ರವರಿ 27, ಗುರುವಾರ

ಮೂರನೆಯ ಟಾರ್ಟು. ಮರಿಯಾನೆಗೆ ರಜೆ. ಹಾಳೆಯನ್ನು ಕೈಗೆ ಸೋಕಿಯೂ ಸೋಕದ ಹಾಗೆ ಬಿಚ್ಚಿದೆ. ಸುತ್ತ ಅಂಚು ಬಿಟ್ಟು ನಡುವೆ ಮಾತ್ರ ಮುಳ್ಳುಚಮಚದಿಂದ ಚುಚ್ಚಿ, ಒಣಗಿದ ತರಕಾರಿಯನ್ನು ತೆಳ್ಳಗೆ ಹರಡಿದೆ. ಉಬ್ಬುವುದನ್ನು ಓವನ್ನಿನ ಗಾಜಿನಿಂದ ನೋಡುತ್ತ ಕೈ ಕಟ್ಟಿ ನಿಂತೆ. ಬಾಗಿಲು ತೆರೆದು ಒಂದೇ ಒಂದು ಸಲ ತಟ್ಟಿಬಿಡೋಣ ಎಂದು ಕೈ ತುರಿಸುತ್ತಿತ್ತು. ಅಂಗಡಿಯಲ್ಲಿ ಯಾರಾದರೂ ನೋಡಿದ್ದರೆ ನನ್ನನ್ನು ಕೆಲಸದಿಂದ ತೆಗೆದುಹಾಕುತ್ತಿದ್ದರು. ಅಂಚು ಬೆಟ್ಟದ ಹಾಗೆ ಎದ್ದಿತು.

ಇಬ್ಬರೂ ಮೇಜಿಗೆ ಕುಳಿತೆವು. ಎದುರುಮನೆಯ ಮಹಡಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಒಂದು ಕಾಲುಚೀಲ ಗಾಳಿಗೆ ಹಾರಿ ಕೆಳಗೆ ಬಿತ್ತು. ಇನ್ನೊಂದು ಬೀಳುತ್ತದೋ ಇಲ್ಲವೋ ಎಂದು ನೋಡುತ್ತ ಕುಳಿತಿದ್ದೆ. ಪಕ್ಕದಲ್ಲಿ ಕರಕರ ಸದ್ದು. ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು, ಆಮೇಲೆ ಬರಲಿಲ್ಲ.

"ಸಾಕು," ಅಂದಳು.

"ಹೂಂ," ಅಂದೆ.

ತಟ್ಟೆಯಲ್ಲಿ ಎಷ್ಟು ಉಳಿದಿತ್ತೆಂದು ಬರೆಯಬೇಕೆಂದಿದ್ದೆ. ಕಾಲುಚೀಲದ ಗಡಿಬಿಡಿಯಲ್ಲಿ ನೋಡುವುದೇ ಮರೆತುಹೋಯಿತು.

ಫೆಬ್ರವರಿ 28, ಶುಕ್ರವಾರ

ಡಾಕ್ಟರು. ತೂಕದ ಮುಳ್ಳು ಹೋದ ಸಲ ಎಲ್ಲಿತ್ತೋ ಅದಕ್ಕಿಂತ ತುಸು ಕೆಳಗೆ. "ತುಂಬಾ ಇಳಿದಿಲ್ಲ. ಇಳಿಯೋ ವೇಗ ಕಮ್ಮಿಯಾದ ಹಾಗಿದೆ. ನಳಿಗೆ ಈಗಲೇ ಬೇಡ, ಇನ್ನೊಂದು ತಿಂಗಳು ನೋಡೋಣ" ಅಂದರು. ವಾಸನೆಯ ವಿಷಯ ಕೇಳಿದೆ, ಹಿಂದಿನದೇ ಉತ್ತರ: ಹೇಳೋಕಾಗಲ್ಲ. ಇದು ಗೆಲುವೋ ಸೋಲೋ ತಿಳಿಯಲಿಲ್ಲ.

ಬರುವ ದಾರಿಯಲ್ಲಿ ಅವಳು ನನ್ನ ಮುಖ ನೋಡಿದಳು.

"ಈಗೀಗ ಮಾತು ಕಮ್ಮಿ ಮಾಡಿದೀರಲ್ಲ. ಹುಷಾರಾಗಿದೀರಾ?"

"ನಾನಾ? ನಾನು ಯಾವಾಗ್ಲೂ ಹೀಗೇ."

"ಓಹೋ," ಅಂದಳು.

ಮಾರ್ಚ್ 1, ಶನಿವಾರ

ಏನೂ ತಿನ್ನಲಿಲ್ಲ. ಮೊನ್ನೆ ಮಾಡಿ ಉಳಿದಿದ್ದ ಟಾರ್ಟು ಮೆತ್ತಗಾಗಿ ಸದ್ದು ಕಳೆದುಕೊಂಡಿತ್ತು. ಒಂದು ಕಚ್ಚು ಕಚ್ಚಿ ಇಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು. ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ. ನನಗೊಂದು ಸೀನು ಬಂತು. ಆಮೇಲೆ ಸಾಲು ಸಾಲಾಗಿ ಬಂದವು.

ಮಾರ್ಚ್ 2, ಭಾನುವಾರ

ನೆಗಡಿ. ತಲೆ ಕುಂಬಳಕಾಯಿ, ಮೂಗು ಸಿಮೆಂಟು. ಎದ್ದು ನೋಡಿದರೆ ಅಡುಗೆಮನೆಯಲ್ಲಿ ದೀಪ. ಇವಳು ಈರುಳ್ಳಿ ಹೆಚ್ಚುತ್ತಿದ್ದಾಳೆ. ಜ್ವರ ಬಿಟ್ಟ ಮೇಲೆ ಅವಳು ಚಾಕು ಹಿಡಿದದ್ದು ಇದೇ ಮೊದಲು.

"ನಾನು ಮಾಡ್ತೀನಿ, ನೀನು ಕೂತ್ಕೋ," ಅಂದೆ. ದನಿ ನನ್ನದೇ ಅನ್ನಿಸಲಿಲ್ಲ.

"ಸೀನೋರು ನನ್ನ ಟಾರ್ಟಿನ ಹತ್ತಿರ ಬರ್ಬೇಡಿ. ಆ ಕುರ್ಚಿ ಮೇಲೆ ಕೂತಿರಿ. ಬಿಸಿ ಬಿಸಿ ಇರುವಾಗ್ಲೇ ತಿನ್ಬೇಕು, ನಿನ್ನೆ ನೀವು ನಂಗೆ ಹಳಸಲು ಕೊಟ್ರಿ."

ಕುಳಿತೆ. ನಡುವೆ ಎರಡು ಸಲ ಅವಳು ಕಟ್ಟೆಗೆ ಕೈ ಊರಿ ನಿಂತಳು. ಏಳಲು ಹೋದೆ, ಕಣ್ಣಿನಲ್ಲೇ ಗದರಿಸಿದಳು. ಹಾಳೆ ಬಿಚ್ಚಿ, ತರಕಾರಿ ಹರಡಿ, ಓವನ್ನಿಗೆ ತಳ್ಳಿ, ಬಾಗಿಲು ಮುಚ್ಚಿ, ಸ್ಟೂಲು ಎಳೆದು ಅದರ ಮುಂದೆ ಕುಳಿತಳು.

"ಆಯ್ತಾ ಅಂತ ಹೇಗೆ ಗೊತ್ತಾಗೋದು? ನಿಮಗೆ ವಾಸನೆ ಬಂದ ಕೂಡಲೇ ಹೇಳಿ."

"ನಂಗೆಲ್ಲಿ ಬರುತ್ತೆ ಕಣೇ? ಮೂಗು ಕಟ್ಟಿದೆ."

ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಇಡೀ ಮನೆಯಲ್ಲಿ ಕೆಲಸಕ್ಕೆ ಬರುವ ಮೂಗು ಒಂದೂ ಇರಲಿಲ್ಲ.

"ಯಾರಾದ್ರೂ ಒಬ್ರು ಹೇಳಿದ್ರೆ ಚೆನ್ನಾಗಿತ್ತು," ಅಂದಳು ಓವನ್ನಿನ ಗಾಜಿನ ಕಡೆಗೆ ತಿರುಗಿ. "ಹೇಗಿದೆ ವಾಸನೆ ಅಂತ. ಕೇಳಿ ತಿಳ್ಕೋಬಹುದಿತ್ತು."

ಇದನ್ನು ಬರೆಯುವಾಗಲೂ ಅವಳು ಅಲ್ಲೇ ಕುಳಿತಿದ್ದಾಳೆ. ಕಿವಿಯನ್ನು ಓವನ್ನಿನ ಕಡೆ ಕೊಟ್ಟು, ಬೆರಳೆತ್ತಿ, ನನಗೆ ಸೀನಲೂ ಬಿಡದೆ.

ಈ ಸಾಲುಗಳನ್ನು ಯಾರೂ ಓದಬಾರದು. ಅಕಸ್ಮಾತ್ ಓದುತ್ತಿದ್ದರೆ, ನೀವು ಯಾರೇ ಆಗಿರಿ, ಒಂದು ಸಣ್ಣ ಉಪಕಾರ ಮಾಡಿ. ನಮ್ಮ ಕಿಟಕಿಯ ಕೆಳಗೆ ಹೋಗುವಾಗ ಸೀದ ವಾಸನೆ ಬಂದರೆ ಮೇಲೆ ಬಂದು ಬಾಗಿಲು ತಟ್ಟಿ. ಒಳ್ಳೆಯ ವಾಸನೆ ಬಂದರೂ ತಟ್ಟಿ. ಅದು ಹೇಗಿದೆ ಎಂದು ಅವಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು.